ಮೊಲದ ಬಾಣಂತನ

ಮೊಲ ಸಾಕಬೇಕು ಅಂತ ನಾನು ಯಾವ ದೇವರಿಗೂ ಹರಕೆ ಹೊತ್ತಿರಲಿಲ್ಲ. ಪಿಯುಸಿಯಲ್ಲಿದ್ದ ಮಗಳು ಒಂದು ಸಂಜೆ ರಟ್ಟಿನ ಡಬ್ಬಿಯಲ್ಲಿ ಅಂಗೈಯಷ್ಟು ಬಿಳಿ ಮರಿ ತಂದು, "ಅಮ್ಮ, ಎಲ್ಲಾ ನಾನೇ ನೋಡ್ಕೋತೀನಿ, ನಿಂಗೆ ಒಂದು ಕೆಲಸಾನೂ ಹೇಳಲ್ಲ" ಅಂದಳು. ನಾನು ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಮಕ್ಕಳು ಹೇಳುವ ಇಂಥ ಮಾತು ಎಷ್ಟು ದಿನ ಬಾಳುತ್ತೆ ಅಂತ ನನಗೆ ಗೊತ್ತಿರಬೇಕಿತ್ತು. ಈಗ ಅವಳು ಮೈಸೂರಿನ ಹಾಸ್ಟೆಲಿನಲ್ಲಿ ಕೂತು ಡಿಗ್ರಿ ಓದುತ್ತಿದ್ದಾಳೆ. ನಾನು ಕನಕಪುರದ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಎದ್ದು, ಹಾಲು ಕಾಯಿಸುವುದಕ್ಕೂ ಮುಂಚೆ ಮೊಲದ ಹಿಕ್ಕೆ ಗುಡಿಸುತ್ತಿದ್ದೇನೆ.

ಮಗಳು ಅದಕ್ಕೆ ಒಂದು ಹೆಸರಿಟ್ಟಿದ್ದಾಳೆ, ಏನೋ ಇಂಗ್ಲಿಷ್ ಬಿಸ್ಕತ್ತಿನ ಹೆಸರಿನ ಥರ. ನನ್ನ ಬಾಯಿಗೆ ಅದು ಬರುವುದೂ ಇಲ್ಲ, ಬರಿಸಿಕೊಳ್ಳುವ ಆಸೆಯೂ ಇಲ್ಲ. ನಾನು "ಏ ಮೊಲ" ಅಂತಲೇ ಕರೆಯುವುದು. ಅದೂ ನನ್ನನ್ನು ಏನೂ ತಲೆ ಮೇಲೆ ಹೊತ್ತುಕೊಂಡಿಲ್ಲ. ಎರಡು ಚಾರ್ಜರ್ ವೈರು, ನಮ್ಮನೆಯವರ ಚಪ್ಪಲಿ, ಚನ್ನಪಟ್ಟಣದಿಂದ ತಂದಿದ್ದ ಮರದ ಕುದುರೆಯ ಹಿಂಗಾಲು, ದಿನದ ಪಾಠದ ಲೆಕ್ಕ ಬರೆಯುವ ನನ್ನ ವರ್ಕ್‌ಡನ್ ಪುಸ್ತಕದ ಒಂದು ಮೂಲೆ, ಎಲ್ಲಾ ಅದರ ಹೊಟ್ಟೆಗೆ ಹೋಗಿವೆ. ಮುಖ್ಯೋಪಾಧ್ಯಾಯರ ಮುಂದೆ ಆ ಪುಸ್ತಕ ಹಿಡಿದು "ಮೊಲ ತಿಂತು ಸಾರ್" ಅಂದ ದಿನ ನನಗೇ ನನ್ನ ಮೇಲೆ ಅಸಹ್ಯ ಆಯಿತು.

ಇಷ್ಟಾದರೂ ಹೇಗೋ ನಡೆಯುತ್ತಿತ್ತು. ಆದರೆ ಕಳೆದ ದಸರಾ ಆದ ಮೇಲೆ ಅದಕ್ಕೆ ಏನೋ ಬಡಿದುಕೊಂಡಿತು. ಎದೆಯ ರೋಮ ತಾನೇ ಕಿತ್ತು ಕಿತ್ತು ಸೋಫಾ ಹಿಂದೆ ಗೂಡು ಕಟ್ಟುವುದು, ಹತ್ತಿರ ಹೋದರೆ ಗುರ್ ಅನ್ನುವುದು, ಕೈ ಚಾಚಿದರೆ ಕಚ್ಚುವುದು. ಗಂಡು ಮೊಲದ ಗಾಳಿಯೂ ಸೋಕಿಲ್ಲ, ಆದರೂ ಬಸುರಿಯ ಹಾಗೆ ನಡೆದುಕೊಳ್ಳುತ್ತೆ. ಹದಿನೈದು ದಿನ ಆಗುತ್ತೆ, ಇಳಿಯುತ್ತೆ, ಮತ್ತೆ ಶುರು. ನಮ್ಮೂರಿನ ದನದ ಡಾಕ್ಟರು ಒಳ್ಳೆಯವರು, ನೋಡಿದರು, "ಮೇಡಂ, ನಾನು ಹಸು, ಕುರಿ ನೋಡಿಕೊಂಡು ಬಂದವನು. ಮೊಲದ ವಿಷಯ ಬೆಂಗಳೂರಲ್ಲೇ ಕೇಳಿ" ಅಂತ ನೇರವಾಗಿ ಹೇಳಿಬಿಟ್ಟರು.

ಬೆಂಗಳೂರಿನ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಗರ್ಭಕೋಶ ತೆಗೆಸಿಬಿಡಿ ಅಂದರು. ಮರಿ ಹಾಕದ ಹೆಣ್ಣು ಮೊಲಕ್ಕೆ ವಯಸ್ಸಾಗುತ್ತಾ ಅಲ್ಲಿ ಗಡ್ಡೆ ಆಗುವುದು ಜಾಸ್ತಿಯಂತೆ. ಮೂರು ವರ್ಷದ ಹಿಂದೆ ಇನ್ನೊಬ್ಬ ಡಾಕ್ಟರು ಮೇಜಿನ ಆಚೆ ಕೂತು ನನಗೂ ಹೆಚ್ಚುಕಮ್ಮಿ ಇದೇ ಮಾತು ಹೇಳಿದ್ದರು. ನಮ್ಮನೆಯವರು ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವರು, ಅವರಿಗೆ ಸುಟ್ಟ ಮೋಟರ್ ಬಿಟ್ಟರೆ ಬೇರೆ ಯಾವುದಕ್ಕೂ ಮರುಕ ಇಲ್ಲ. "ಮೊಲಕ್ಕೆ ಆಪರೇಷನ್ನಾ? ಮೂಗಿಗಿಂತ ಮೂಗುತಿ ಭಾರ" ಅಂದರು. ಆದರೂ ಶನಿವಾರ ಅಂಗಡಿ ಬಾಗಿಲು ಹಾಕಿ ಕಾರು ತೆಗೆದರು. ಅದು ಬೇರೆ ಮಾತು.

ಮಗಳಿಗೆ ಸೆಮಿಸ್ಟರ್ ಪರೀಕ್ಷೆ, ಬರುವ ಹಾಗಿಲ್ಲ. ಫೋನಿನಲ್ಲಿ "ಅಮ್ಮ, ಅದಕ್ಕೇನಾದ್ರೂ ಆದ್ರೆ..." ಅಂದಳು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವಳು ನಾನು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು ನನ್ನ ಕಥೆ.

ಆಪರೇಷನ್ ಚೆನ್ನಾಗೇ ಆಯಿತು. ಸಂಜೆ ಕೈಗೆ ಕೊಡುವಾಗ ಡಾಕ್ಟರಮ್ಮ ಒಂದೇ ಒಂದು ಮಾತನ್ನು ಮೂರು ಸಲ ಹೇಳಿದರು. "ನಾಯಿ, ಬೆಕ್ಕು ಆದರೆ ಒಂದು ದಿನ ತಿನ್ನದೆ ಇದ್ರೂ ನಡೆಯುತ್ತೆ. ಮೊಲ ತಿನ್ನದೆ ಇರೋ ಹಾಗಿಲ್ಲ. ಹೊಟ್ಟೆ ಖಾಲಿ ಬಿಟ್ರೆ ಕರುಳು ನಿಂತುಹೋಗುತ್ತೆ, ಕರುಳು ನಿಂತರೆ ಮೊಲ ಉಳಿಯಲ್ಲ. ತಾನಾಗಿ ತಿನ್ನೋವರೆಗೂ ಮೂರು ಗಂಟೆಗೊಂದು ಸಲ ಈ ಪುಡಿ ಕಲಸಿ ಸಿರಿಂಜಲ್ಲಿ ಕೊಡಿ. ಹಿಕ್ಕೆ ಬೀಳ್ತಾ ಇದೆಯಾ ನೋಡ್ತಾ ಇರಿ. ಅದು ನಿಂತರೆ ತಕ್ಷಣ ಫೋನ್ ಮಾಡಿ." ಜೊತೆಗೆ ನೋವಿಗೆ ಅಂತ ಒಂದು ಪುಟ್ಟ ಬಾಟಲಿ, ದಿನಕ್ಕೊಂದು ಸಲ ಇಷ್ಟು ಹನಿ ಅಂತ ಗೆರೆ ಹಾಕಿ ಕೊಟ್ಟರು. ನನಗೆ ಆಗ ಗೊತ್ತಾಯಿತು, ಈ ಪ್ರಾಣಿಯ ಜೀವ ಈಗ ನನ್ನ ಗಡಿಯಾರದ ಮುಳ್ಳಿನ ಮೇಲೆ ಕೂತಿದೆ ಅಂತ.

ಆ ರಾತ್ರಿಯೂ ಭಾನುವಾರ ಬೆಳಿಗ್ಗೆಯೂ ನಾನೇ ತಿನ್ನಿಸಿದೆ. ತಿನ್ನಿಸಿದೆ ಅನ್ನುವುದು ದೊಡ್ಡ ಮಾತು. ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿ ಒತ್ತಿ ಹಿಡಿದು, ಹಲ್ಲಿನ ಸಂದಿಯಲ್ಲಿ ಸಿರಿಂಜು ತೂರಿಸಿದರೆ ಕಾಲು ಪಾಲು ಹೊಟ್ಟೆಗೆ, ಮಿಕ್ಕಿದ್ದು ನನ್ನ ನೈಟಿಗೆ. ಹಸಿರು ಹಸಿರಾಗಿ ಒಣಗಿ ಗಂಜಿ ಹಾಕಿದ ಬಟ್ಟೆಯಾಯಿತು ಆ ನೈಟಿ. ಆದರೂ ನಾಲ್ಕಾರು ಹಿಕ್ಕೆ ಬಿತ್ತು. ಸ್ವಲ್ಪ ಉಸಿರು ಬಿಟ್ಟೆ.

ಆ ಉಸಿರು ಪೂರ್ತಿ ಹೊರಗೆ ಬರುವಷ್ಟರಲ್ಲಿ ಬಾಗಿಲಲ್ಲಿ ನಮ್ಮತ್ತೆ.

ಅತ್ತೆ ಇರುವುದು ಇಲ್ಲಿಂದ ಎಂಟು ಕಿಲೋಮೀಟರ್ ದೂರದ ಹಳ್ಳಿಯಲ್ಲಿ, ಮೈದುನನ ಜೊತೆ. ಎಪ್ಪತ್ತು ವರ್ಷ. ಇವತ್ತಿಗೂ ಮನೆಯ ರೇಷ್ಮೆ ಹುಳದ ಜವಾಬ್ದಾರಿ ಅವರದೇ. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ ಎರಡು ದಿನ ಆಗಿತ್ತಂತೆ, ಹುಳದ ಮನೆ ಖಾಲಿಯಂತೆ. ಮಗರಾಯ ಫೋನಿನಲ್ಲಿ ಮೊಲದ ಸುದ್ದಿ ಹೇಳಿದ್ದಾರೆ. ಇವರು ಮೊದಲನೇ ಬಸ್ಸಿಗೇ ಹತ್ತಿದ್ದಾರೆ. ಚೀಲ ಬಿಚ್ಚಿದರು. ಸಬ್ಬಸಿಗೆ ಸೊಪ್ಪು ಎರಡು ಕಟ್ಟು, ಬೆಳ್ಳುಳ್ಳಿ ಒಂದು ಗೊಂಚಲು, ಸಾಂಬ್ರಾಣಿ, ಹಳೇ ಮೆತ್ತನೆ ಸೀರೆ, ಒಂದು ಉಂಡೆ ಹತ್ತಿ.

"ಇದೆಲ್ಲಾ ಏನತ್ತೆಮ್ಮ?" ಅಂದೆ.

"ಇನ್ನೇನವ್ವ, ಹೆಣ್ಣು ಜೀವ, ಹೊಟ್ಟೆ ಕುಯ್ಸಿದ್ದೀರಿ. ಬಾಣಂತಿ ಇದ್ದಂಗೆ ಅಲ್ವಾ? ಕಿವಿಗೆ ಗಾಳಿ ಹೋಗ್ಬಾರ್ದು" ಅಂತ ಹತ್ತಿ ಕೈಗೆ ತಗೊಂಡರು.

ಅಯ್ಯೋ ಶಿವನೇ! ಆ ಕಿವಿಗೆ ಎಷ್ಟು ಹತ್ತಿ ತುರುಕಬೇಕು ಅಂದುಕೊಂಡಿದ್ದರೋ! ಕೈಯಿಂದ ಕಿತ್ತುಕೊಂಡೆ. ಹೋಗಲಿ ಅಂತ ಸೀರೆ ಹರಿದು ತಲೆಗೆ ಕಟ್ಟಲು ಹೋದರು, ಎರಡು ಕಿವಿಯನ್ನೂ ಜಡೆಯ ಹಾಗೆ ಹಿಂದಕ್ಕೆ ಮಡಿಸಿ. ಅದನ್ನೂ ಬಿಚ್ಚಿದೆ. ಸಾಂಬ್ರಾಣಿ ಹಾಕಲು ಕೆಂಡ ಕೇಳಿದರು, ನಮ್ಮನೆಯಲ್ಲಿ ಗ್ಯಾಸ್ ಒಲೆ ಅಂತ ಜ್ಞಾಪಿಸಿದೆ. ಬೆಳ್ಳುಳ್ಳಿ ಸುಟ್ಟು ಕೊಟ್ಟರೆ ವಾಯು ಹೋಗುತ್ತೆ ಅಂದರು, ಮೊಲಕ್ಕೆ ಬೆಳ್ಳುಳ್ಳಿ ವಿಷ ಅಂದೆ. "ಬೆಳ್ಳುಳ್ಳಿ ವಿಸ್ವಾ? ಯಾವೋಳಂದಿದ್ದು?" ಅಂತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜನ ನಮ್ಮತ್ತೆ. ಈಗ ಹಿಡಿಯಲು ನಿಜವಾದ ಮೊಲವೇ ಸಿಕ್ಕಿತ್ತು. ಸಬ್ಬಸಿಗೆ ಮಾತ್ರ ತಿನ್ನಬಹುದು ಅಂತ ಡಾಕ್ಟರಮ್ಮನ ಚೀಟಿಯಲ್ಲೇ ಇತ್ತು. ಅದೊಂದು ವಿಷಯದಲ್ಲಿ ಅವರು ಗೆದ್ದರು. ಇಡೀ ಭಾನುವಾರ ನನ್ನ ಕಡೆ ನೋಡಿ ಗೆದ್ದವರ ನಗೆ ನಗುತ್ತಿದ್ದರು. ಮೊಲ ಆ ಸಬ್ಬಸಿಗೆಯನ್ನು ಮೂಸಿ ಮುಖ ತಿರುಗಿಸಿತು ಅನ್ನುವುದು ಬೇರೆ.

ನನಗೆ ಒಳಗೊಳಗೇ ಕುದಿಯುತ್ತಿತ್ತು. ಬೆಳ್ಳುಳ್ಳಿಗಲ್ಲ. ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನನ್ನ ಗರ್ಭಕೋಶ ತೆಗೆದಾಗ ಈ ಹೆಂಗಸು ಬರಲಿಲ್ಲ. ನನ್ನ ತಾಯಿ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು, ನನಗೆ ಅಂತ ಇದ್ದ ದೊಡ್ಡ ಹೆಂಗಸು ಇವರೊಬ್ಬರೇ. ಫೋನ್ ಮಾಡಿದರೆ "ಉಳ ಹಣ್ಣಾಗವೆ ಕಣವ್ವ, ಈಗ ಬುಟ್ಬುಟ್ಟು ಬರಾಕಾಗಾಕಿಲ್ಲ" ಅಂದರು. ಹಣ್ಣಾದ ಹುಳ ಅಂದರೆ ಗೂಡು ಕಟ್ಟಲು ತಯಾರಾದ ಹುಳ. ಆ ಎರಡು ಮೂರು ದಿನ ತಪ್ಪಿದರೆ ತಿಂಗಳ ಕೆಲಸ ಮಣ್ಣು ಪಾಲು ಅಂತ ನನಗೂ ಗೊತ್ತು, ನಾನೂ ಆ ಮನೆಗೇ ಸೊಸೆಯಾಗಿ ಬಂದವಳು. ಸರಿ, ಮೂರು ದಿನ. ಆಮೇಲೆ? ಇಪ್ಪತ್ತನೇ ದಿನ ಒಂದು ಚೀಲ ರಾಗಿ ಹಿಟ್ಟು ಹೊತ್ತು ಬಂದರು, ಒಂದು ಗಂಟೆ ಕೂತರು, ಸಂಜೆ ಬಸ್ಸಿಗೆ ಹೋದರು. ನಮ್ಮನೆಯವರು ಮಾಡಿದ ತಳ ಹತ್ತಿದ ಉಪ್ಪಿಟ್ಟು ತಿಂದುಕೊಂಡು, ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬಂದವಳು ನಾನು. ಒಂದು ಮಾತೂ ಆಡಿರಲಿಲ್ಲ. ಈಗ ಮೊಲಕ್ಕೆ ಹತ್ತಿ ಉಂಡೆ ಹಿಡಿದುಕೊಂಡು ಮೊದಲನೇ ಬಸ್ಸಿಗೆ ಬಂದಿದ್ದಾರೆ ಅಂದರೆ ಹೊಟ್ಟೆ ಉರಿಯದೆ ಇರುತ್ತಾ?

ಸೋಮವಾರ ಹತ್ತನೇ ಕ್ಲಾಸಿಗೆ ಪೂರ್ವಸಿದ್ಧತಾ ಪರೀಕ್ಷೆ. ಮೊಲಕ್ಕೆ ಹುಷಾರಿಲ್ಲ ಅಂತ ರಜಾ ಚೀಟಿ ಬರೆದರೆ ಸ್ಟಾಫ್ ರೂಮಿನಲ್ಲಿ ಮುಂದಿನ ಹತ್ತು ವರ್ಷ ನಗುತ್ತಾರೆ. ಏಳೂವರೆಗೆ ಒಂದು ಸಲ ತಿನ್ನಿಸಿದೆ. ಪುಡಿ ಕಲಸಿ ಸ್ಟೀಲ್ ಲೋಟದಲ್ಲಿಟ್ಟೆ, ಸಿರಿಂಜು ತೊಳೆದು ಪಕ್ಕದಲ್ಲಿಟ್ಟೆ, ಅತ್ತೆಯನ್ನು ಕೂರಿಸಿಕೊಂಡು ಹೇಳಿದೆ, "ಹತ್ತೂವರೆಗೆ ಒಂದ್ಸಲ, ಒಂದೂವರೆಗೆ ಒಂದ್ಸಲ. ಮೂತಿ ಪಕ್ಕದಿಂದ. ನಿಧಾನಕ್ಕೆ. ಬೇಡ ಅಂದ್ರೂ ಬಿಡಬೇಡಿ."

"ಆಯ್ತು ಕಣವ್ವ. ಒಂದ್ ಮಾತ ಎಷ್ಟ್ ಸಲ ಯೋಳೀಯೆ? ನಾನೇನ್ ನಿನ್ ಇಸ್ಕೂಲ್ ಐಕ್ಳಾ?"

ಮಧ್ಯಾಹ್ನ ಬಿಡುವಿನಲ್ಲಿ ಫೋನ್ ಮಾಡಿದೆ. "ಹೆಂಗಿದೆ ಅತ್ತೆಮ್ಮ?" ಅಂದೆ. "ಸುಮ್ಗೆ ಕೂತದೆ. ಚೆನ್ನಾಗದೆ. ನೀನ್ ನಿನ್ ಕೆಲ್ಸ ನೋಡ್ಕೊ" ಅಂದರು. ತಿಂತಾ ಅಂತ ಕೇಳಬೇಕಿತ್ತು. ಅಷ್ಟರಲ್ಲಿ ಬೆಲ್ ಹೊಡೆಯಿತು, ಚೆನ್ನಾಗದೆ ಅಂದರಲ್ಲ ಅಂತ ಫೋನ್ ಇಟ್ಟುಬಿಟ್ಟೆ. ಆ ತಪ್ಪು ನನ್ನದೇ.

ನಾಲ್ಕೂವರೆಗೆ ಮನೆಗೆ ಬಂದರೆ ಕಿಟಕಿಗಳೆಲ್ಲ ಮುಚ್ಚಿವೆ, ಫ್ಯಾನ್ ನಿಂತಿದೆ, ರೂಮಿನ ಬಾಗಿಲಿಗೆ ಅಡ್ಡ ಅತ್ತೆ ಕಾಲು ಚಾಚಿ ಕೂತಿದ್ದಾರೆ. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. ನಾನು ಅವರ ಕಾಲು ದಾಟಿ ಒಳಗೆ ಹೋದೆ. ಲೋಟದಲ್ಲಿ ಕಲಸಿಟ್ಟಿದ್ದು ಹಾಗೇ ಇದೆ, ಮೇಲೆ ಕೆನೆಗಟ್ಟಿದೆ. ಸಿರಿಂಜು ಒಣಗಿದೆ. ಮೊಲ ಮೂಲೆಯಲ್ಲಿ ಮುದುರಿ ಕೂತು ಹಲ್ಲು ಕಡಿಯುತ್ತಿದೆ. ಹಾಸಿದ ಬಟ್ಟೆಯ ಮೇಲೆ ಬೆಳಗಿನಿಂದ ಒಂದೇ ಒಂದು ಹಿಕ್ಕೆ ಇಲ್ಲ. ಹೊಟ್ಟೆ ಮುಟ್ಟಿದೆ, ಗಾಳಿ ತುಂಬಿದ ಚೆಂಡಿನ ಹಾಗೆ ಬಿಗಿದಿತ್ತು. ಒಂಬತ್ತು ಗಂಟೆ ಆಗಿತ್ತು ಅದರ ಬಾಯಿಗೆ ಏನಾದರೂ ಬಿದ್ದು.

"ಯಾಕೆ ತಿನ್ನಿಸ್ಲಿಲ್ಲ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಜ್ವರಕ್ಕೆ ಕೂತದೆ ಕಣವ್ವ" ಅಂದರು ಅತ್ತೆ, ಮೆಲ್ಲಗೆ. "ನೋಡು, ತಲೆ ಎತ್ಕಂಡು ಅಲ್ಲಾಡ್ದೆ ಕೂತದೆ. ಈ ಒತ್ನಲ್ಲಿ ಮೇವು ಕೊಟ್ರೆ ಕೆಡ್ತದೆ. ಮುಟ್ಬಾರ್ದು. ತಾನೇ ಏಳ್ತದೆ, ಎದ್ದೇಟ್ಗೆ ತಿಂತದೆ. ನಂಗೊತ್ತಿಲ್ವಾ?"

ರೇಷ್ಮೆ ಮನೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಹುಳ ಗೂಡು ಕಟ್ಟುವುದಕ್ಕೆ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತೆ. ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ, ಒಂದು ದಿನ ಕದಲದೆ ಕೂರುತ್ತೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಆಗ ಹಿಪ್ಪುನೇರಳೆ ಸೊಪ್ಪು ಹಾಕುವ ಹಾಗಿಲ್ಲ, ತಟ್ಟೆ ಅಲ್ಲಾಡಿಸುವ ಹಾಗಿಲ್ಲ, ಗಾಳಿ ಬಿಡುವ ಹಾಗಿಲ್ಲ. ಆತುರಕ್ಕೆ ಸೊಪ್ಪು ಹಾಕಿದವರ ಬೆಳೆ ಹಾಳು. ಕಾಯುವುದಕ್ಕೆ ಗೊತ್ತಿದ್ದವರ ಬೆಳೆ ಮೇಲು. ಅತ್ತೆ ಐವತ್ತು ವರ್ಷದಿಂದ ಹಾಗೆ ಕಾದು ಗೆದ್ದವರು. ಅವರು ಸೋಮಾರಿತನ ಮಾಡಿರಲಿಲ್ಲ, ಮರೆತಿರಲಿಲ್ಲ. ಊಟವನ್ನೂ ಬಿಟ್ಟು ಬೆಳಗಿನಿಂದ ಬಾಗಿಲು ಕಾದಿದ್ದರು. ತಮಗೆ ಗೊತ್ತಿದ್ದ ಎಲ್ಲಕ್ಕಿಂತ ದೊಡ್ಡ ಆರೈಕೆಯನ್ನೇ ಅವರು ಮಾಡಿದ್ದರು, ಅದು ಮೊಲವನ್ನು ಸಾಯಿಸುತ್ತಿತ್ತು.

ಇದೆಲ್ಲಾ ಈಗ ಕೂತು ಬರೆಯುವಾಗ ಹೊಳೆಯುವುದು. ಆಗ ನನಗೆ ಹೊಳೆದಿದ್ದು ಒಂದೇ. "ಹುಳ ಅಲ್ಲ ಅತ್ತೆಮ್ಮ ಅದು! ಮೊಲ! ಸತ್ತೋಗುತ್ತೆ!" ಅಂತ ಕೂಗಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾಲಿಗೆ ನಿಲ್ಲಲಿಲ್ಲ. "ನಿಮಗೆ ಹುಳ ಬಿಟ್ರೆ ಬೇರೆ ಏನು ಕಾಣುತ್ತೆ? ನಾನು ಹೊಟ್ಟೆ ಕುಯ್ಸಿಕೊಂಡು ಬಿದ್ದಿದ್ದಾಗ್ಲೂ ನಿಮಗೆ ಹುಳಾನೇ ಕಂಡಿದ್ದು. ನಾನು ತಿಂದ್ನಾ, ಬಿಟ್ನಾ ಅಂತ ಬಂದು ಒಂದ್ಸಲ ನೋಡಿದ್ರಾ? ಮೊಲಕ್ಕೆ ಓಡಿಬಂದ್ರಿ. ಅದನ್ನೂ ಹಿಂಗೆ ನೋಡ್ಕೊಂಡ್ರಿ!"

ಮೂರು ವರ್ಷ ನುಂಗಿಕೊಂಡಿದ್ದು ಮೂರು ಉಸಿರಿನಲ್ಲಿ ಹೊರಗೆ ಬಂತು. ಅತ್ತೆ ಜಗಳಕ್ಕೆ ನಿಂತಿದ್ದರೆ ನನಗೆ ಎಷ್ಟೋ ಅನುಕೂಲ ಆಗುತ್ತಿತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡು ನೆಲ ನೋಡಿದರು, ಅಷ್ಟೇ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಮಕ್ಕಳ ಗ್ಯಾಸಿಗೆ ಕೊಡುವ ಡ್ರಾಪ್ಸ್ ಇಷ್ಟು ಕೊಡಿ, ಹೊಟ್ಟೆಯನ್ನು ಮೆತ್ತಗೆ ನೀವಿ, ಬೆಚ್ಚಗಿಡಿ, ಸ್ವಲ್ಪ ಸ್ವಲ್ಪವಾಗಿ ತಿನ್ನಿಸಲು ನೋಡಿ, ರಾತ್ರಿ ಎಂಟರ ಒಳಗೆ ಹಿಕ್ಕೆ ಬೀಳದಿದ್ದರೆ ಹೊರಟು ಬಂದುಬಿಡಿ ಅಂದರು. ನಮ್ಮನೆಯವರಿಗೆ ಫೋನ್ ಮಾಡಿದರೆ ಬಿಚ್ಚಿದ ಮೋಟರನ್ನು ಹಾಗೇ ಬಿಟ್ಟು, ಗ್ರೀಸ್ ಕೈಯಲ್ಲೇ ಮೆಡಿಕಲ್ ಸ್ಟೋರಿಗೆ ಓಡಿದರು. ನಾನು ಮೊಲವನ್ನು ಟವೆಲಿನಲ್ಲಿ ಸುತ್ತಿದೆ. ಸಿರಿಂಜಿನ ತುದಿ ಮೂತಿಗೆ, ಮೂಗಿಗೆ, ಕಣ್ಣಿನ ಹತ್ತಿರಕ್ಕೆ ಹೋಗುತ್ತಿತ್ತು. ಮೊಲ ಬಾಯಿ ಬಿಗಿಹಿಡಿದಿತ್ತು. ಸಾಯಿ ಹಾಗಾದರೆ, ಸಾಯಿ ಅಂತ ಬೈದೆ. ಬೈಯುತ್ತಾ ಅಳುತ್ತಿದ್ದೆ, ಮಗಳಿಗೆ ಏನು ಹೇಳಲಿ ಅಂತ ಅಳುತ್ತಿದ್ದೆ.

"ತತ್ತಾ ಇಲ್ಲಿ" ಅಂದರು ಅತ್ತೆ.

ಕೊಡಲಿಲ್ಲ ನಾನು. ಅವರೇ ಎತ್ತಿಕೊಂಡರು. ಚಕ್ಕಳಮಕ್ಕಳ ಹಾಕಿ ಕೂತು, ಟವೆಲು ಬಿಚ್ಚಿ ಬಿಸಾಡಿ, ಮಡಿಲಿನ ಗುಳಿಯಲ್ಲಿ ಇಟ್ಟುಕೊಂಡರು. ಗದ್ದದ ಕೆಳಗೆ ಎರಡು ಬೆರಳು, ಕಿವಿಯ ಹಿಂದೆ ಹೆಬ್ಬೆರಳು. ಆ ಬೆರಳುಗಳು ಆಗತಾನೇ ಮೊಟ್ಟೆಯೊಡೆದ ಕೂದಲೆಳೆಯಂಥ ಚಾಕಿ ಹುಳವನ್ನು ಹಿಸುಕದೆ ತಟ್ಟೆಯಿಂದ ತಟ್ಟೆಗೆ ಬಿಡುವ ಬೆರಳು. ಮೊಲ ಒದೆಯಲಿಲ್ಲ. "ಏಟ್ ಕೊಡ್ಬೇಕು?" ಅಂದರು, ನನ್ನ ಮುಖ ನೋಡದೆ. ನಾನು ಸಿರಿಂಜಿನ ಗೆರೆ ತೋರಿಸಿದೆ. ಹನಿ ಹನಿಯಾಗಿ ಬಿಟ್ಟರು, ಅದು ನುಂಗುವವರೆಗೆ ಕಾದರು, ಮತ್ತೆ ಹನಿ ಬಿಟ್ಟರು. ಅರ್ಧ ಗಂಟೆ ಹಿಡಿಯಿತು ಒಂದು ಸಿರಿಂಜು ಮುಗಿಯಲು. ನಾನಾಗಿದ್ದರೆ ಅಷ್ಟರಲ್ಲಿ ನಾಲ್ಕು ಸಲ ಶಾಪ ಹಾಕಿರುತ್ತಿದ್ದೆ.

ಡ್ರಾಪ್ಸ್ ಬಂತು, ಅದನ್ನೂ ಕೊಟ್ಟರು. ಆಮೇಲೆ ಹೊಲಿಗೆಗೆ ತಾಗದ ಹಾಗೆ ಹೊಟ್ಟೆಯ ಪಕ್ಕ ನೀವುತ್ತಾ ಕೂತರು. ನಾನು ಬಿಸಿ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಟ್ಟೆ. ನಮ್ಮನೆಯವರು ಕಾರಿನ ಕೀ ಬೆರಳಲ್ಲಿ ತಿರುಗಿಸುತ್ತಾ ಬಾಗಿಲಲ್ಲಿ ನಿಂತರು. ಆರಾಯಿತು, ಆರೂವರೆ ಆಯಿತು, ಏಳಾಯಿತು. ಮೊಲದ ಹಿಂಭಾಗವನ್ನು ಮೂರು ಜನ ದೊಡ್ಡವರು ದೇವರ ಪ್ರಸಾದಕ್ಕೆ ಕಾದ ಹಾಗೆ ಕಾದೆವು, ನಗುವವರು ನಗಲಿ.

ಏಳೂಕಾಲಿಗೆ ಬಿತ್ತು. ಮೂರು. ಮೆಣಸಿನ ಕಾಳಿನಷ್ಟೇ ಸಣ್ಣವು. ಅತ್ತೆ ಒಂದನ್ನು ಅಂಗೈಗೆ ಹಾಕಿಕೊಂಡು, ಹೆಬ್ಬೆರಳಿನಲ್ಲಿ ಒತ್ತಿ, ಬೆಳಕಿಗೆ ಹಿಡಿದರು. "ಒಣಗೋಗದೆ. ನೀರು ಸಾಲ್ದು. ಆದ್ರೂ ಬಂತು, ಸದ್ಯ" ಅಂದರು. ಇನ್ನೊಂದು ಸಿರಿಂಜು ನೀರು ಕುಡಿಸಿದರು. ಎಂಟಕ್ಕೆ ಇನ್ನೂ ಐದು ಬಿತ್ತು, ಅವು ಸ್ವಲ್ಪ ದಪ್ಪ. ಡಾಕ್ಟರಮ್ಮ ಫೋನಿನಲ್ಲಿ ಗುಡ್, ಗುಡ್ ಅಂದರು. ನಮ್ಮನೆಯವರು ಕೀ ಮೊಳೆಗೆ ಹಾಕಿ, ಊಟಕ್ಕೇನಿದೆ ಅಂದರು. ಈ ಗಂಡಸು ಜಾತಿಗೆ ಏನು ಹೇಳೋಣ!

ಮುದ್ದೆ ತಿರುವುತ್ತಾ ನಾನು ಅಡುಗೆಮನೆಯಲ್ಲಿದ್ದೆ. ಅತ್ತೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ನಾನು ತಿರುಗಲಿಲ್ಲ. ಆಡಿದ ಮಾತು ವಾಪಸ್ ತೆಗೆದುಕೊಳ್ಳುವ ಮನಸ್ಸೂ ಇರಲಿಲ್ಲ, ಅದರ ನಾಚಿಕೆಯೂ ಹೋಗಿರಲಿಲ್ಲ.

"ನೀನಂದಿದ್ದು ಸರಿ ಕಣಮ್ಮಿ" ಅಂದರು. "ನಾನ್ ಬರ್ನಿಲ್ಲ. ಆದ್ರೆ ಬರ್ಬೇಕು ಅಂತಾನೂ ನಂಗ್ ತಿಳೀನಿಲ್ಲ. ನಂಗೂ ಆಪ್ರೇಸನ್ ಮಾಡುದ್ರು, ಮಕ್ಳು ಆಗ್ದಿರ ಹಂಗೆ. ಸಾಲಾಗಿ ನಾಕಾರು ಹೆಂಗಸ್ರ ಮಲಗ್ಸಿದ್ರು. ಸಂಜೀಕೆ ಗಾಡೀಲಿ ತಂದು ಊರಲ್ಲಿ ಇಳಿಸುದ್ರು. ನಾಕ್ನೇ ದಿನ ಸೊಪ್ಪು ಕುಯ್ದೆ. ಯಾರೂ ಬಂದು ನೋಡ್ನಿಲ್ಲ. ನಮ್ಮತ್ತೆಯೂ ಬರ್ನಿಲ್ಲ, ನಮ್ಮವ್ವನೂ ಬರ್ನಿಲ್ಲ. ಬರೋದು ಅಂತ ಒಂದೈತೆ ಅಂತ್ಲೇ ನಂಗೊತ್ತಿರ್ನಿಲ್ಲ. ಎರಿಗೆ ಆದ್ರೆ ಬಾಣಂತನ ಅಂತ ಬತ್ತಾರೆ. ಇದ್ಕೆ ಏನಂತ ಬರಾದು?"

ಮುದ್ದೆ ಗಂಟಾಯಿತು. ಅವತ್ತು ಮೂವರೂ ಗಂಟು ಮುದ್ದೆಯನ್ನೇ ನುಂಗಿದೆವು. ಯಾರೂ ತಕರಾರು ಮಾಡಲಿಲ್ಲ.

ಮಂಗಳವಾರ ಬೆಳಿಗ್ಗೆ ಮೊಲ ತಾನಾಗಿ ಸಬ್ಬಸಿಗೆಯ ಎಳೆ ಒಂದನ್ನು ಎಳೆದುಕೊಂಡು ಕಟಕಟ ಅಂತ ತಿಂದಿತು. ಅತ್ತೆ ಚಪ್ಪಾಳೆ ತಟ್ಟಿದರು. ಬೆಳ್ಳುಳ್ಳಿ ಕೊಟ್ಟಿದ್ದರೆ ನಿನ್ನೆಯೇ ತಿನ್ನುತ್ತಿತ್ತು ಅಂತ ಒಂದು ಮಾತು ಸೇರಿಸಿದರು. ಎಲ್ಲಾ ಮೊದಲಿನಂತಾಯಿತು ಅಂದುಕೊಂಡೆ. ಶಾಲೆಗೆ ಹೊರಡುವ ಮುಂಚೆ ನೋವಿನ ಔಷಧಿಯ ಬಾಟಲಿ ತೆಗೆದು ಹನಿ ಎಳೆದುಕೊಳ್ಳುತ್ತಿದ್ದೆ.

"ಇದ್ಯಾತಕ್ಕೆ ದಿನಾ ಕೊಡೋದು? ಗಾಯ ಮಾಯಾಕಾ?" ಅಂದರು.

"ಅಲ್ಲ ಅತ್ತೆಮ್ಮ, ನೋವಿಗೆ. ಹೊಲಿಗೆ ಎಳೆಯುತ್ತಲ್ಲ, ಅದು ಗೊತ್ತಾಗದೆ ಇರಲಿ ಅಂತ."

"ನೋವಿಗೆ ಅಂತ್ಲೇ ಬೇರೆ ಕೊಡ್ತಾರಾ?"

"ಕೊಡ್ತಾರೆ."

ಅವರು ಬಾಟಲಿ ಕೈಗೆ ತಗೊಂಡು ತಿರುಗಿಸಿ ನೋಡಿದರು. ಓದಲು ಬರುವುದಿಲ್ಲ ಅವರಿಗೆ. ಆದರೂ ತುಂಬಾ ಹೊತ್ತು ನೋಡಿದರು. ಆಮೇಲೆ ಬಾಟಲಿ ವಾಪಸ್ ಕೊಟ್ಟು, ಬಾಗಿಲ ಕಡೆ ಒಂದು ಸಲ ನೋಡಿ, ಮಗ ಅಂಗಡಿಗೆ ಹೋಗಿಯಾಗಿದೆ ಅಂತ ಖಾತ್ರಿ ಮಾಡಿಕೊಂಡು, ಸೀರೆಯ ನೆರಿಗೆಯನ್ನು ಸ್ವಲ್ಪ ಕೆಳಗೆ ಜಾರಿಸಿದರು. ಹೊಕ್ಕುಳ ಕೆಳಗೆ ಬೆರಳುದ್ದದ ಹಳೆಯ ಗಾಯದ ಗೆರೆ. ಅದರ ಪಕ್ಕ ನಿಂಬೆಹಣ್ಣಿನ ಗಾತ್ರದ ಗಂಟು ಉಬ್ಬಿ ನಿಂತಿತ್ತು.

"ಸೊಪ್ಪಿನ ಹೊರೆ ಎತ್ತುದ್ರೆ ಇದು ಈಚೀಕೆ ಬತ್ತದೆ. ಮಲಿಕಂಡ್ರೆ ಒಳೀಕೋಯ್ತದೆ. ಸೀರೆ ಬಿಗಿಯಾಗಿ ಕಟ್ಕಂಡ್ರೆ ಗೊತ್ತಾಗಾಕಿಲ್ಲ. ಈಚೀಚ್ಗೆ ಒಸಿ ನೋವು ಜಾಸ್ತಿ ಕಣಮ್ಮಿ. ಆ ಮೊಲದ ಡಾಕ್ಟ್ರಮ್ಮ ಹೆಂಗಸ್ರನ್ನೂ ನೋಡ್ತಾರಾ?"

"ಯಾವಾಗಿಂದ ಇದು?"

"ಆಪ್ರೇಸನ್ ಆದಾಗ್ಲಿಂದ. ನಿನ್ ಮೈದ್ನ ಮೊಲೆ ಕುಡೀತಿದ್ದ."

ಮೈದುನನಿಗೆ ಈಗ ನಲವತ್ತೈದು. ನಲವತ್ತೈದು ವರ್ಷ ಈ ಹೆಂಗಸು ಆ ಗಂಟನ್ನು ಸೀರೆಯಲ್ಲಿ ಬಿಗಿದುಕೊಂಡು ಹೊರೆ ಹೊತ್ತಿದ್ದಾರೆ, ಹುಳ ಸಾಕಿದ್ದಾರೆ, ರಾಗಿ ಹಿಟ್ಟು ಹೊತ್ತು ನನ್ನನ್ನು ನೋಡಲು ಬಂದಿದ್ದಾರೆ. ನನಗೆ ಎಲ್ಲಿತ್ತೋ ಸಿಟ್ಟು, ಯಾರ ಮೇಲೆ ಅಂತಲೂ ಗೊತ್ತಿಲ್ಲ, ನೆತ್ತಿಗೇರಿತು.

"ನಲವತ್ತೈದು ವರ್ಷ ಬಾಯಲ್ಲಿ ಏನು ಕಡುಬು ತುರುಕ್ಕೊಂಡಿದ್ರಾ ಅತ್ತೆಮ್ಮ? ಹೇಳಕ್ಕೇನಾಗಿತ್ತು ನಿಮಗೆ? ಒಂದು ಮಾತು, ಒಂದೇ ಒಂದು ಮಾತು ಹೇಳಕ್ಕೇನಾಗಿತ್ತು?" ಅಂತ ಬೀದಿಗೆ ಕೇಳುವ ಹಾಗೆ ಕಿರುಚಿದೆ.

ಅತ್ತೆ ಗಾಬರಿಯಾಗಿ ಸೀರೆ ಸರಿಮಾಡಿಕೊಂಡು, ಮೂಲೆಯಲ್ಲಿದ್ದ ಮೊಲದ ಕಿವಿ ಎರಡನ್ನೂ ಅಂಗೈಯಲ್ಲಿ ಮುಚ್ಚಿದರು.

"ಕಿರುಚ್ಬ್ಯಾಡ ಕಣಮ್ಮಿ" ಅಂದರು, "ಹೊಟ್ಟೆ ಕುಯ್ಸಿಕಂಡದೆ, ಎದರ್ಕತದೆ."